ಕಾಮನ ಹುಣ್ಣಿಮೆಯ ಸೈಕಲ್ ಸವಾರಿಗೆ ಜೊತೆಯಾದವರಿಗೆ

ಹಾಸನದಿಂದ ಬೇಲೂರು ರಸ್ತೆ ಹಿಡಿದು ಕಾಮದಹನಕ್ಕೆ ಹೊರಟ 28 ಸೈಕಲ್‌ಗಳೂ ರಾತ್ರಿ ತಮ್ಮ ಚಕ್ರದ ಮೇಲೆಯೇ ಮನೆ ಸೇರಿವೆ. ಗೂಡ್ಸ್ ಆಟೊಗೆ ಹತ್ತಿಸಬೇಕಾದ್ದು ಒಂದೂ ಇರಲಿಲ್ಲ. ನೆರವಾದ ಎಲ್ಲರಿಗೂ ಕೈಮುಗಿದು ನಾಲ್ಕು ಮಾತು.

ಮೊದಲ ನಮಸ್ಕಾರ ಪಂಕ್ಚರ್ ಅಂಗಡಿಯ ಯಜಮಾನರಿಗೆ. ಫಾಲ್ಗುಣ ಅಂದರೆ ರಸ್ತೆಯಂಚಿಗೆಲ್ಲ ಒಣ ಜಾಲಿಮುಳ್ಳು. ದೊಡ್ಡಗದ್ದವಳ್ಳಿ ತಿರುವಿನ ಹತ್ತಿರ ಮೂರು ಟ್ಯೂಬ್ ಹೋದಾಗ ಅವರು ಕಲಿಸಿದ್ದೇ ಕೈಹಿಡಿಯಿತು. ತೂತಿನ ಸುತ್ತ ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ತೆಳ್ಳಗೆ ಸವರಿ, ಬೆರಳಿಗೆ ಹಸಿ ಹತ್ತದಷ್ಟು ಆರಲು 5 ನಿಮಿಷ ಬಿಟ್ಟು ಪ್ಯಾಚ್ ಒತ್ತಬೇಕು. ಹಸಿಯಲ್ಲೇ ಅಂಟಿಸಿದರೆ ಗಾಳಿ ತುಂಬಿದ ಕೂಡಲೇ ಜಾರುತ್ತದೆ. ಟೈರಿನ ಒಳಮೈ ಸವರಿ ಮುರಿದ ಮುಳ್ಳಿನ ಮೊನೆ ಕೀಳದಿದ್ದರೆ ಅದೇ ಜಾಗ ಮತ್ತೆ ತೂತು.

ಪಂಪ್ ಹೊತ್ತು ಕೊನೆಯವರೆಗೂ ಎಲ್ಲರ ಹಿಂದೆಯೇ ಬಂದ ಇಬ್ಬರಿಗೆ ಎಷ್ಟು ಹೇಳಿದರೂ ಕಡಿಮೆ. ಏಳೇಳರ ನಾಲ್ಕು ಗುಂಪು, ನಡುವೆ ಒಂದು ಬಸ್ಸು ಬಂದು ಸೇರಿಕೊಳ್ಳುವಷ್ಟು ಜಾಗ: ಇದನ್ನು ಕಾಯ್ದವರು ಅವರೇ. ಉದ್ದ ಸಾಲಾಗಿ ಹೋದರೆ ಓವರ್‌ಟೇಕ್ ಮಾಡುವ ಲಾರಿಗೆ ಒಳಬರಲು ಸಂದು ಸಿಗದೆ ಸವಾರರ ಮೈಮೇಲೇ ಬರುತ್ತದೆ.

ಊರಿನವರು ಗಾಳಿ ನೋಡಿ, ಕಿಡಿ ಹಾರದ ಕಡೆಯ ಕಣವನ್ನೇ ಸೈಕಲ್‌ಗಳಿಗೆ ಬಿಟ್ಟುಕೊಟ್ಟರು. ಕಾಮನಿಗೆ ಒಣಸೌದೆ, ಬೆರಣಿ ಮಾತ್ರ ಒಟ್ಟಿದ್ದರು. ಹಳೇ ಟೈರು, ಪ್ಲಾಸ್ಟಿಕ್ ಒಂದು ಚೂರೂ ಇಲ್ಲ. ಮತ್ತೆ ಪೆಡಲ್ ತುಳಿಯಬೇಕಾದ ಎದೆಗೆ ಅದು ದೊಡ್ಡ ಉಪಕಾರ. ಬೆರಣಿ ಮೇಲೆ ಬೂದಿಯಾಗಿ ಕಂಡರೂ ಒಳಗೆ ಬೆಳಗಿನವರೆಗೂ ಕೆಂಡ ಇಟ್ಟುಕೊಂಡಿರುತ್ತದೆ. ಗಾಳಿ ಎದ್ದರೆ ಒಣಹುಲ್ಲಿಗೆ ತಾಗಿತು ಅಂತಲೇ ಲೆಕ್ಕ. ಅದಕ್ಕೇ ಹಣೆಗಿಡುವ ಬೂದಿಯನ್ನು ಕಬ್ಬಿಣದ ಬಾಂಡ್ಲಿಗೆ ಎತ್ತಿಟ್ಟು, ಉಳಿದದ್ದಕ್ಕೆ ನೀರು ಸುರಿದು, ಸಲಿಕೆಯಿಂದ ಮಗುಚಿ, ಮತ್ತೆ ಸುರಿದರು. ಟ್ರ್ಯಾಕ್ಟರ್ ಟ್ಯಾಂಕರ್ ತಂದ ಅಣ್ಣನಿಗೆ ವಂದನೆ.

ಇನ್ನು ಜಗಲಿಯ ಅಜ್ಜಿ. ಉರಿ ನೋಡಿದ ಕಣ್ಣಿಗೆ ದಾರಿ ಕಾಣುವುದಿಲ್ಲವೆಂದು ಗದರಿ, ಮಜ್ಜಿಗೆ ಕೊಟ್ಟು, ಬೆಂಕಿಗೆ ಬೆನ್ನು ಮಾಡಿ ಕೂರಿಸಿದರು. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು 20-30 ನಿಮಿಷ ಬೇಕೇ ಬೇಕು. ಎದ್ದು ಹೊರಟಾಗ ಬೆಳದಿಂಗಳಲ್ಲಿ ರಸ್ತೆಯ ಗುಂಡಿಗಳೂ ಕಾಣುತ್ತಿದ್ದವು.

ಅಜ್ಜೀ, ನಿಮ್ಮ ಸ್ಟೀಲ್ ಚೊಂಬು ನಮ್ಮ ಚೀಲದಲ್ಲಿ ಬಂದುಬಿಟ್ಟಿದೆ. ಭಾನುವಾರ ತಂದುಕೊಡುತ್ತೇವೆ.