ಹುಕ್ಸ್ ಹಾಕಿದ ಖುಷಿಗೆ ಎಲ್ರಿಗೂ ಥ್ಯಾಂಕ್ಸ್

ಸ್ಟ್ರೋಕ್ ಆಗಿ ಒಂದು ವರ್ಷದ ಮೇಲಾಯ್ತು. ಈ ವಾರ ಮೊದಲ್ನೇ ಸಲ ಕಟಿಂಗಿಂದ ಹಿಡಿದು ಹೆಮ್ಮಿಂಗ್ ತನಕ ಒಂದು ಲೈನಿಂಗ್ ಬ್ಲೌಸ್ ಪೂರ್ತಿ ನಾನೇ ಹೊಲಿದೆ, ಹುಕ್ಸೂ ನಾನೇ ಹಾಕಿದೆ. ಮೆಷಿನ್ ಹೆಂಗೋ ತುಳೀಬೋದು ಕಣ್ರೀ, ಬಿದ್ದೋಗಿದ್ದ ಬಲಗೈಲಿ ಸೂಜಿ ಹಿಡಿದು ಹುಕ್ಸ್ ಹಾಕೋದು ಏನು ಅಂತ ಹೊಲಿಯೋರಿಗೇ ಗೊತ್ತು. ಅದಕ್ಕೇ ಈ ಪೋಸ್ಟ್, ಸ್ವಲ್ಪ ಉದ್ದ ಆಗುತ್ತೆ.

ನನ್ನ ಹತ್ರ ಹೊಲಿಗೆ ಕಲಿಯೋಕೆ ಬರ್ತಿದ್ದ ಹುಡುಗಿಗೆ ಮೊದಲ ಥ್ಯಾಂಕ್ಸ್. ಅವತ್ತು ಕತ್ತರಿ ಕೈಯಿಂದ ಜಾರ್ತು, ಏನೋ ಹೇಳೋಕೆ ಹೋದೆ ಮಾತು ತೊದಲ್ತು. ಅವಳು "ಅಕ್ಕ ಒಂಚೂರು ನಗಿ, ಎರಡೂ ಕೈ ಎತ್ತಿ" ಅಂದ್ಲಂತೆ, ನೋಡಿದ್ರೆ ಬಾಯಿ ಒಂದ್ಕಡೆ ಸೊಟ್ಟ, ಬಲಗೈ ಮೇಲಕ್ಕೇ ಬರ್ತಿಲ್ಲ. ಕಾಲೇಜಲ್ಲಿ ಯಾರೋ ಬಂದು ಹೇಳ್ಕೊಟ್ಟಿದ್ರಂತೆ ಇದನ್ನ. ನಂಗೆ ನೀರು ಕುಡಿಸೋಕೆ ಬಂದೋರ್ನ ತಡೆದ್ಲು (ಗಂಟಲು ಕೆಲಸ ಮಾಡದೆ ಇದ್ರೆ ನೀರು ಶ್ವಾಸಕೋಶಕ್ಕೆ ಹೋಗುತ್ತೆ), ಅಳತೆ ಬುಕ್ಕಲ್ಲಿ ಟೈಮ್ ಬರೆದು ಆ ಹಾಳೆ ಹರಿದು ನಮ್ಮನೆಯೋರ ಜೇಬಿಗೆ ಹಾಕಿದ್ಲು. ಆಸ್ಪತ್ರೇಲಿ ಡಾಕ್ಟ್ರು ಮೊದ್ಲು ಕೇಳಿದ್ದೇ ಅದು, ಕೊನೇ ಸಲ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಅಂತ. ಹೆಪ್ಪು ಕರಗಿಸೋ ಇಂಜೆಕ್ಷನ್ 4.5 ಗಂಟೆ ಒಳಗೇ ಕೊಡ್ಬೇಕು, ಅದಕ್ಕೂ ಮುಂಚೆ ಸಿಟಿ ಸ್ಕ್ಯಾನ್ ಮಾಡಿ ಮೆದುಳಿನ ರಕ್ತನಾಳ ಮುಚ್ಕೊಂಡಿದ್ಯೋ ಒಡೆದಿದ್ಯೋ ನೋಡ್ಬೇಕು, ಒಡೆದಿದ್ರೆ ಅದೇ ಇಂಜೆಕ್ಷನ್ ಪ್ರಾಣಕ್ಕೆ ಬರುತ್ತೆ.

ಎದುರು ಅಂಗಡಿ ಅಣ್ಣಂಗೂ ಥ್ಯಾಂಕ್ಸ್. ಅಲ್ಲಿ ಸೇರಿದ್ದ ಜನ ಒಬ್ರು ಪಾರಿವಾಳದ ರಕ್ತ ಹಚ್ಚಿ, ಇನ್ನೊಬ್ರು ಲಕ್ವದ ಎಣ್ಣೆ ತಿಕ್ಕಿಸಿ ಅಂತಿದ್ರಂತೆ, ಅಣ್ಣ ಯಾರ ಮಾತೂ ಕೇಳ್ದೆ ಕಾರ್ ತೆಗೆದು ಸೀದಾ ತುಮಕೂರಿಗೆ ಹೊಡೆದ್ರು.

ಅವತ್ತಿನ ದಿನ ಉಳಿಸ್ದೋರ್ನ ಎಲ್ರೂ ನೆನೆಸ್ಕೋತಾರೆ, ಸರಿನೇ. ಆದ್ರೆ ನನ್ನ ಕೇಳಿದ್ರೆ ದೊಡ್ಡ ಕೆಲಸ ಆಮೇಲಿಂದು. ನಾಲ್ಕು ಸ್ಟ್ರೋಕಲ್ಲಿ ಹತ್ರಹತ್ರ ಒಂದು ಈಗಾಗ್ಲೇ ಒಂದ್ಸಲ ಆಗಿರೋರಿಗೇ ಬರೋದಂತೆ. ಆ ಎರಡನೇದು ಬರದೆ ಇರೋ ಹಂಗೆ ದಿನಾ ಕಾಯ್ತಿರೋರಿಗೆ ಯಾರೂ ಹಾರ ಹಾಕಲ್ಲ.

ಡಿಸ್ಚಾರ್ಜ್ ದಿನ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟ್ರು ಮಂಚದ ಪಕ್ಕ ಕೂತು ಯಾಕೆ ಆಯ್ತು ಅಂತ ಬಿಡಿಸಿ ಹೇಳಿದ್ರು. ಬಂದಾಗ ಬಿಪಿ 190/110 ಇತ್ತಂತೆ. ನಂಗೆ ತಲೆನೋವಿಲ್ಲ, ಸುಸ್ತಿಲ್ಲ, ಬಿಪಿ ಇದೆ ಅನ್ನೋದೇ ಗೊತ್ತಿರ್ಲಿಲ್ಲ. "ಬಿಗಿಯಾಗಿ ಎಳೆದು ಹೊಲಿದ ಬಟ್ಟೆ ಒಂದಿನ ಹೊಲಿಗೆ ಹತ್ರ ಪಿಸಿಯಲ್ವಾ, ಹಂಗೇ ರಕ್ತನಾಳ" ಅಂದ್ರು, ನಾನು ಟೈಲರ್ ಅಂತ ಗೊತ್ತಿತ್ತು ಅವರ್ಗೆ. ಆಮೇಲೆ ಬಾಣಂತನದ ವಿಷ್ಯ ಕೇಳಿದ್ರು. ಎರಡನೇ ಮಗು ಹೊಟ್ಟೇಲಿದ್ದಾಗ ಬಿಪಿ ಏರಿ ಬೇಗ ಹೆರಿಗೆ ಮಾಡ್ಸಿದ್ರು, ಹೆರಿಗೆ ಆದ್ಮೇಲೆ ಇಳೀತು, ಎಲ್ರೂ ಮರೆತ್ವಿ. ಹಂಗೆ ಆದ ಹೆಂಗಸ್ರಿಗೆ ಮುಂದೆ ಸ್ಟ್ರೋಕ್, ಹಾರ್ಟ್ ಪ್ರಾಬ್ಲಮ್ ಬರೋ ಸಾಧ್ಯತೆ ಜಾಸ್ತಿ, ಅದಕ್ಕೇ ಆಮೇಲೂ ಬಿಪಿ ನೋಡಿಸ್ಕೊಂಡೇ ಇರ್ಬೇಕಂತೆ. ಇದನ್ನ ನಮ್ಮಲ್ಲಿ ಯಾವ ಅತ್ತೆನೂ ಅಮ್ಮನೂ ಹೇಳಿದ್ದು ಕೇಳಿಲ್ಲ. ಜತೆಗೆ ಶುಗರ್ ಬಾರ್ಡರು, ಊಟ ಆದ್ಮೇಲೆ ಎಲೆಅಡಿಕೆ ಜತೆ ಹೊಗೆಸೊಪ್ಪು, ದಿನವಿಡೀ ಕೂತೇ ಕೆಲಸ, ಎಲ್ಲಾ ಸೇರ್ಕೊಂಡಿತ್ತು.

ನಮ್ಮ ಏರಿಯಾ ಆಶಾ ಅಕ್ಕಂಗೆ ದೊಡ್ಡ ನಮಸ್ಕಾರ. 30 ವರ್ಷ ದಾಟಿದೋರಿಗೆ ಬಿಪಿ ಶುಗರ್ ನೋಡಿ ಸರ್ಕಾರಿ ಆಸ್ಪತ್ರೇಲಿ ಮಾತ್ರೆ ಫ್ರೀ ಕೊಡ್ತಾರೆ ಅಂತ ಗೊತ್ತಾಗಿದ್ದೇ ಅವರಿಂದ. ಬಿಪಿ 130/80 ಒಳಗೇ ಇರ್ಬೇಕು ಅಂತ ನಂಗೆ ಹೇಳಿದಾರೆ, ಮಾತ್ರೆ ಖಾಲಿ ಆಗೋಕೆ ಮುಂಚೆ ಅಕ್ಕ ಬಾಗಿಲಲ್ಲಿ ಹಾಜರು. ನಾರ್ಮಲ್ ಬಂತಲ್ಲ ಇನ್ಯಾಕೆ ಮಾತ್ರೆ ಅಂತ ಕೇಳಿದ ನಮ್ಮ ನೆಂಟರಿಗೆ "ಮಾತ್ರೆ ನುಂಗಿದ್ರಿಂದ್ಲೇ ನಾರ್ಮಲ್ ಬಂದಿರೋದು" ಅಂತ ಅವರೇ ಬಾಯಿ ಮುಚ್ಚಿಸಿದ್ರು.

ನಮ್ಮತ್ತೆ, ಪಾಪ. ಇಡೀ ಬೀದಿಗೆ ಉಪ್ಪಿನಕಾಯಿ ಹಾಕ್ಕೊಡೋ ಕೈ ಅವರದು. ದಿನಕ್ಕೆ ಒಬ್ರಿಗೆ ಉಪ್ಪು 5 ಗ್ರಾಮ್ ಒಳಗೆ, ಅಂದ್ರೆ ಒಂದು ಟೀ ಚಮಚ, ಹಪ್ಪಳ ಸಂಡಿಗೆ ಬೇಕರಿ ಖಾರ ಎಲ್ಲಾ ಸೇರಿ, ಅಂದಾಗ ಮೂರು ದಿನ ಮಾತಾಡ್ಲಿಲ್ಲ. ಈಗ ಮನೆಮಂದಿಗೆಲ್ಲಾ ಒಂದೇ ಸಾರು, "ಸಪ್ಪೆ ಸಪ್ಪೆ" ಅಂತ ಬೈಕೊಂಡೇ ಮಾಡ್ತಾರೆ, ಬೈಕೊಂಡೇ ತಿಂತಾರೆ. ನಮ್ಮನೆಯೋರು ನಾನು ಹೊಗೆಸೊಪ್ಪು ಬಿಟ್ಟ ವಾರನೇ ಬೀಡಿ ಬಿಟ್ರು, ಅವರ ಬಗ್ಗೆ ಇದಕ್ಕಿಂತ ಹೊಗಳಲ್ಲ, ತಲೆ ಮೇಲೆ ಕೂರ್ತಾರೆ. ಫಿಸಿಯೋ ಮೇಡಮ್, ನೀವು ಬಟನ್ ಡಬ್ಬಿ ಸುರಿದು ಒಂದೊಂದೇ ಎತ್ತಿ ಅಂದಾಗ ಮನಸ್ಸಲ್ಲಿ ಎಷ್ಟು ಬೈದಿದೀನೋ, ಕ್ಷಮಿಸಿ.

ಈಗ ಅಂಗಡೀಲಿ ಬಿಪಿ ಮೆಷಿನ್ ಇಟ್ಟಿದೀನಿ. ಅಳತೆ ಕೊಡೋಕೆ ಬಂದೋರು 5 ನಿಮಿಷ ಸುಮ್ನೆ ಕೂರ್ಬೇಕು, ಕಾಲು ನೆಲದ ಮೇಲೆ, ಕೈ ಎದೆ ಮಟ್ಟಕ್ಕೆ ಟೇಬಲ್ ಮೇಲೆ, ಮಾತಿಲ್ಲ (ಇದೊಂದೇ ಕಷ್ಟ ನಮ್ಮ ಕಸ್ಟಮರ್ಸ್‌ಗೆ). ಹಿಂಗೇ ಕೂತಿದ್ದಾಗ ಒಬ್ರು ಆಂಟಿ, ಹೋದ ವಾರ ಹತ್ತು ನಿಮಿಷ ಕೈ ಜೋಮು ಹಿಡಿದು ಮಾತು ನಿಂತು ತಾನೇ ಸರಿ ಹೋಯ್ತು ಅಂದ್ರು. ಅದು ಮಿನಿ ಸ್ಟ್ರೋಕ್ ಇರ್ಬೋದು, ದೊಡ್ಡದು ಹಿಂದೇನೇ ಬರ್ಬೋದು ಅಂತ ಅವರ ಮಗನ್ನ ಕರೆಸಿ ಅವತ್ತೇ ಕಳಿಸ್ದೆ. ಇಸಿಜಿಲಿ ಎದೆಬಡಿತ ತಾಳ ತಪ್ಪಿತ್ತಂತೆ, ಹಂಗಿದ್ರೆ ಹೃದಯದಲ್ಲೇ ಹೆಪ್ಪು ಕಟ್ಟಿ ಮೆದುಳಿಗೆ ಹೋಗುತ್ತೆ, ಸ್ಟ್ರೋಕ್ ಅಪಾಯ ಸುಮಾರು ಐದು ಪಟ್ಟು. ಈಗ ರಕ್ತ ಹೆಪ್ಪುಗಟ್ಟದಂಗೆ ಮಾತ್ರೆ ತಗೋತಿದಾರೆ.

ಕೊನೇದಾಗಿ, ಅಡ್ವಾನ್ಸ್ ಕೊಟ್ಟು ಇಷ್ಟು ದಿನ ಬಟ್ಟೆ ವಾಪಸ್ ಕೇಳ್ದೆ ಇದ್ದ ಎಲ್ರಿಗೂ ಥ್ಯಾಂಕ್ಸ್. ಒಂದೊಂದೇ ಮುಗಿಸ್ತಿದೀನಿ. ನೀಲಿ ಮೈಸೂರ್ ಸಿಲ್ಕ್ ಬ್ಲೌಸ್ ಪೀಸ್ ಒಂದಿದೆ, ಚೀಟಿ ಬಿದ್ದೋಗಿದೆ, ಯಾರದ್ದು ಅಂತ ಗೊತ್ತಾಗ್ತಿಲ್ಲ. ನಿಮ್ದಾದ್ರೆ ಅಳತೆ ಬ್ಲೌಸ್ ತಗೊಂಡು ಬನ್ನಿ.