ತೊಡೆಯ ಮೇಲಿನ ಆ ನೀಲಿ ಕಲೆ

ಮೆಲ್ಬರ್ನ್
ಭಾನುವಾರ ಸಂಜೆ

ಪ್ರೀತಿಯ ಅವ್ವನಿಗೆ ನಮಸ್ಕಾರಗಳು.

ನಾವಿಬ್ಬರೂ ಇಲ್ಲಿ ಆರಾಮ ಇದ್ದೇವೆ. ಅಪ್ಪನ ಮೊಣಕಾಲು ನೋವು ಹೇಗಿದೆ? ಇಲ್ಲಿ ಈಗ ಚಳಿಗಾಲ. ಬೆಳಗ್ಗೆ ಏಳಕ್ಕೂ ಕತ್ತಲೆ ಇರುತ್ತದೆ.

ಹೋದ ವಾರ ವಿಡಿಯೋ ಕಾಲ್ ಮಾಡಿದಾಗ ನಾನು ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದೆ. ತೊಡೆಯ ಮೇಲಿನ ನೀಲಿ ಕಲೆ ನಿನ್ನ ಕಣ್ಣಿಗೆ ಬಿತ್ತು. ಏನದು ಅಂತ ಕೇಳಿದೆ. ಮೇಜು ಬಡಿಯಿತು ಅಂದೆ. ನೀನು ಸುಮ್ಮನಾದೆ. ಮರುದಿನ ತಂಗಿ ಬೆಂಗಳೂರಿನಿಂದ ಫೋನ್ ಮಾಡಿದಳು. ನೀನು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲವಂತೆ. "ಅಳಿಯ ಕೈ ಮಾಡ್ತಾನೇನೋ, ನೀನೇ ಮೆಲ್ಲಗೆ ಕೇಳು" ಅಂದೆಯಂತೆ. ಅದನ್ನು ಕೇಳಿ ನನ್ನ ಕರುಳು ಕಿವುಚಿದ ಹಾಗಾಯಿತು.

ಅವ್ವ, ಅವರು ನನ್ನ ಮೇಲೆ ಒಂದು ದಿನ ದನಿ ಎತ್ತಿದವರೂ ಅಲ್ಲ. ತಪ್ಪು ನನ್ನದು. ನಿನಗೆ ಸುಳ್ಳು ಹೇಳಬಾರದಿತ್ತು. ಫೋನಿನಲ್ಲಿ ಹೇಳಲು ಹೋದರೆ ನಡುವೆ ಯಾರಾದರೂ ಬರುತ್ತಾರೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪೂರ್ತಿ ಓದು.

ನಾನು 14 ತಿಂಗಳಿಂದ ಪೋಲ್ ಡಾನ್ಸ್ ಕ್ಲಾಸಿಗೆ ಹೋಗುತ್ತಿದ್ದೇನೆ. ನೆಲದಿಂದ ಮಾಳಿಗೆಯವರೆಗೆ ಒಂದು ಸ್ಟೀಲ್ ಕಂಬ ಇರುತ್ತದೆ. ಅದನ್ನು ಹಿಡಿದು ತಿರುಗುವುದು, ಹತ್ತುವುದು, ತಲೆಕೆಳಗಾಗಿ ನಿಲ್ಲುವುದು. ಕೈಯನ್ನೇ ಬಿಟ್ಟು ಬರೀ ತೊಡೆಯ ಬಲದಿಂದ ಕಂಬದ ಮೇಲೆ ಕೂರುವ ಒಂದು ಪಟ್ಟು ಇದೆ. ಪೂರ್ತಿ ಮೈಭಾರ ತೊಡೆಯ ಒಳಗಿನ ಮೆತ್ತಗಿನ ಚರ್ಮದ ಮೇಲೆ ಬೀಳುತ್ತದೆ. ಚರ್ಮದ ಕೆಳಗಿನ ಸಣ್ಣ ನಾಳಗಳು ಒಡೆದು ಅಲ್ಲಿ ನೀಲಿಗಟ್ಟುತ್ತದೆ. ನೀನು ನೋಡಿದ ಕಲೆ ಅದು. ಇಲ್ಲಿ ಎಲ್ಲರಿಗೂ ಆಗುತ್ತದೆ. 'ಪೋಲ್ ಕಿಸ್', ಕಂಬ ಕೊಟ್ಟ ಮುತ್ತು ಅಂತ ಕರೆಯುತ್ತಾರೆ. ನೀಲಿ ಇದ್ದದ್ದು ಹಸಿರಾಗಿ, ಹಳದಿಯಾಗಿ, ತಾನಾಗಿಯೇ ಹೋಗುತ್ತದೆ. ಚರ್ಮ ಪಳಗಿದಂತೆ ಕಡಿಮೆಯೂ ಆಗುತ್ತದೆ.

ನಿನಗೆ ತುಳಸಿಗೇರಿ ಹುಡುಗರ ಮಲ್ಲಕಂಬ ನೆನಪಿದೆಯಾ? ನಮ್ಮ ಬಾಗಲಕೋಟೆಯ ಶಾಲೆ ಮೈದಾನದಲ್ಲಿ ಆಡಿ ತೋರಿಸಿದ್ದರಲ್ಲ. ಸಾಗವಾನಿ ಕಂಬ, ಬುಡದಲ್ಲಿ ದಪ್ಪ, ತುದಿಗೆ ಸಣ್ಣ. ಒಬ್ಬ ಹುಡುಗ ತುದಿಯ ಮೇಲೆ ಹೊಟ್ಟೆ ಊರಿ ಕೈಕಾಲು ಚಾಚಿ ಮಲಗಿದಾಗ ನೀನು ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದಿದ್ದೆ! ನಾನು ಇಲ್ಲಿ ಮೊದಲ ದಿನ ಕ್ಲಾಸಿಗೆ ಕಾಲಿಟ್ಟಾಗ ನೆನಪಾಗಿದ್ದು ಅದೇ. ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಹುಟ್ಟಿದ ಜಾಗ ಬೇರೆ, ದಾರಿ ಬೇರೆ. ಆದರೆ ಕಂಬಕ್ಕೆ ಮೈ ಒಪ್ಪಿಸುವ ಧೈರ್ಯ ಒಂದೇ.

ಒಂದು ದೊಡ್ಡ ವ್ಯತ್ಯಾಸ ಕೇಳು. ಮಲ್ಲಕಂಬಕ್ಕೆ ಔಡಲೆಣ್ಣೆ ಹಚ್ಚುತ್ತಾರೆ, ಮೈ ಉಜ್ಜಿ ಕಿತ್ತು ಬರಬಾರದು ಅಂತ. ನಮ್ಮ ಕಂಬಕ್ಕೆ ಎಣ್ಣೆಯ ಒಂದು ಹನಿಯೂ ತಾಗಬಾರದು. ನುಣುಪು ಸ್ಟೀಲಿಗೆ ಅಂಟುವುದು ಬರಿ ಚರ್ಮ ಮಾತ್ರ. ಪ್ಯಾಂಟ್ ಹಾಕಿದರೆ ಜಾರಿ ನೆಲಕ್ಕೆ ಬರುತ್ತೇವೆ. ಅದಕ್ಕೇ ಎಲ್ಲರೂ ಚಡ್ಡಿ ಹಾಕುವುದು. ಫೋಟೋ ನೋಡಿದರೆ ನಿನಗೆ ಮೊದಲು ಕಾಣುವುದು ಆ ಬಟ್ಟೆಯೇ, ನನಗೆ ಗೊತ್ತು. ನನಗೂ ಮೊದಲ ವಾರ ನಾಚಿಕೆಯಾಗಿತ್ತು. ಎರಡನೇ ವಾರ ಮೊಣಕಾಲಿನ ಹಿಂದಿನ ಮಡಿಕೆಯೊಂದರಿಂದಲೇ ಪೂರ್ತಿ ಮೈಯನ್ನು ಹಿಡಿದ ಒಬ್ಬ ಹೆಂಗಸನ್ನು ನೋಡಿದೆ. ಆಮೇಲೆ ಚಡ್ಡಿ ನನ್ನ ಕಣ್ಣಿಗೆ ಕಾಣಲೇ ಇಲ್ಲ.

ಇದು ಎಲ್ಲಿಂದ ಬಂತು ಅನ್ನುವುದನ್ನೂ ಮುಚ್ಚಿಡುವುದಿಲ್ಲ. ಗಂಡಸರು ದುಡ್ಡು ಕೊಟ್ಟು ನೋಡುವ ಕ್ಲಬ್ಬುಗಳಲ್ಲಿ ಹೊಟ್ಟೆಪಾಡಿಗೆ ಕುಣಿಯುತ್ತಿದ್ದ ಹೆಂಗಸರಿಂದ ಬಂತು. ಕೆನಡಾದ ಫಾನಿಯಾ ಮಾಂಡಿ ಅನ್ನುವವರು 1994ರ ಹೊತ್ತಿಗೆ ಸಾಮಾನ್ಯ ಹೆಂಗಸರಿಗೂ ಕಲಿಸಲು ಶುರುಮಾಡಿದರು. ಈ ದೇಶದ ಪರ್ತ್ ಊರಿನ ಫೆಲಿಕ್ಸ್ ಕೇನ್ ಸರ್ಕ್ ದು ಸೊಲೇ ಸರ್ಕಸ್ಸಿನಲ್ಲೂ ಕಂಬದ ಮೇಲೆ ಆಡಿದವರು. 2009ರಲ್ಲಿ ಇದನ್ನು ಕ್ರೀಡೆಯಾಗಿ ನಡೆಸಲು ಅಂತರರಾಷ್ಟ್ರೀಯ ಸಂಸ್ಥೆಯೊಂದು ಆಯಿತು. 2017ರಲ್ಲಿ ಜಗತ್ತಿನ ಕ್ರೀಡಾ ಸಂಘಗಳ ಒಕ್ಕೂಟ ಆ ಸಂಸ್ಥೆಗೆ ವೀಕ್ಷಕ ಸ್ಥಾನ ಕೊಟ್ಟಿತು. ಈಗ ಚಿಕ್ಕ ಮಕ್ಕಳೂ ಸ್ಪರ್ಧೆಗೆ ಇಳಿಯುತ್ತಾರೆ.

ಹಾಗಂತ "ನಮ್ಮದು ಬರೀ ವ್ಯಾಯಾಮ, ಆ ಹೆಂಗಸರಿಗೂ ನಮಗೂ ಸಂಬಂಧವಿಲ್ಲ" ಅನ್ನುವವರೂ ಇದ್ದಾರೆ. ನನಗೆ ಆ ಮಾತು ಸೇರುವುದಿಲ್ಲ. ನಾವು ಇವತ್ತು ಕಲಿಯುವ ಎಷ್ಟೋ ಪಟ್ಟುಗಳನ್ನು ಮೈ ನೋಯಿಸಿಕೊಂಡು ಕಂಡುಕೊಂಡವರು ಅವರೇ. ನಮ್ಮ ಟೀಚರ್ ಹಿಂದೆ ಕ್ಲಬ್ಬಿನಲ್ಲಿ ಕೆಲಸ ಮಾಡಿದವರು. ಅದನ್ನು ಮೊದಲ ದಿನವೇ ನೇರವಾಗಿ ಹೇಳಿದರು. ಅವರಷ್ಟು ಶಿಸ್ತಿನ, ಅವರಷ್ಟು ತಾಳ್ಮೆಯ ಗುರು ನನಗೆ ಇದುವರೆಗೆ ಸಿಕ್ಕಿಲ್ಲ. ಅವರ ಕೈಯಲ್ಲಿ ಕಲಿತವಳು ಅಂತ ಹೇಳಿಕೊಳ್ಳಲು ನನಗೆ ಹೆಮ್ಮೆ.

ಅವರ ಕ್ಲಾಸು ಹೇಗೆ ನಡೆಯುತ್ತದೆ ಗೊತ್ತಾ? ಹೋದ ಕೂಡಲೇ ಕಂಬಕ್ಕೆ ಕೈ ಹಾಕುವ ಹಾಗಿಲ್ಲ. ಇಪ್ಪತ್ತು ನಿಮಿಷ ಮೈ ಬಿಸಿ ಮಾಡಬೇಕು. ಹೆಗಲು, ಮಣಿಕಟ್ಟು, ಸೊಂಟ, ಬೆನ್ನು. ಆಮೇಲೆ ಒಬ್ಬೊಬ್ಬರೂ ಕೈಯಲ್ಲಿ ಬಟ್ಟೆ ಹಿಡಿದು, ಸ್ಪಿರಿಟ್ ಸಿಂಪಡಿಸಿ ಕಂಬ ಒರೆಸುತ್ತೇವೆ. ಮೇಲಿನವರೆಗೆ ಹತ್ತಿ ಒರೆಸುತ್ತಾ ಇಳಿಯಬೇಕು. ಒಂದು ಕಂಬಕ್ಕೆ ಇಬ್ಬರು. ಒಬ್ಬರು ಆಡಿದ ಮೇಲೆ ಇನ್ನೊಬ್ಬರಿಗೆ ಕೊಡುವ ಮೊದಲು ಒರೆಸಿಯೇ ಕೊಡಬೇಕು. ನಮ್ಮ ಮನೆಯಲ್ಲಿ ಉಂಡ ಜಾಗ ಒರೆಸಿ ಏಳುತ್ತೇವಲ್ಲ, ಹಾಗೆ.

ಈಗ ನನಗೆ ಆದದ್ದನ್ನು ಹೇಳುತ್ತೇನೆ. ಹೆದರಬೇಡ. ಮೂರನೇ ತಿಂಗಳಲ್ಲಿ ಒಂದು ದಿನ ಆಫೀಸಿನಿಂದ ನೇರ ಕ್ಲಾಸಿಗೆ ಹೋದೆ. ಚಳಿಗೆ ಕಾಲು ಬಿರಿದಿತ್ತು ಅಂತ ಬೆಳಗ್ಗೆ ಕ್ರೀಮ್ ಹಚ್ಚಿದ್ದೆ, ಮರೆತೇ ಹೋಗಿತ್ತು. ಮೊಣಕಾಲಿನಿಂದ ಕಂಬ ಹಿಡಿದು ಹಿಂದಕ್ಕೆ ಬಾಗಿದಾಗ ಕಾಲು ಸರ್ರನೆ ಜಾರಿತು. ಪಕ್ಕದಲ್ಲಿ ನಿಂತವಳು ಒಂದು ಕೈ ನನ್ನ ಸೊಂಟಕ್ಕೆ, ಇನ್ನೊಂದು ಹೆಗಲಿಗೆ ಕೊಟ್ಟು ತಲೆ ನೆಲಕ್ಕೆ ತಾಗದಂತೆ ತಿರುಗಿಸಿದಳು. ದಪ್ಪ ಹಾಸಿನ ಮೇಲೆ ಕೂತುಬಿಟ್ಟೆ. ಯಾರೂ ಬೈಯಲಿಲ್ಲ. ಅವಳೇ ಒದ್ದೆ ಟವೆಲ್ ತಂದು ನನ್ನ ಕಾಲು ಒರೆಸಿದಳು. ಅವಳಿಗೆ 61 ವರ್ಷ. ಮೊಮ್ಮಕ್ಕಳಿದ್ದಾರೆ. "ನಾನೂ ಹೀಗೇ ಒಮ್ಮೆ ಜಾರಿದ್ದೆ, ಇವತ್ತು ಸಾಕು, ಬಾ ಟೀ ಕುಡಿಯೋಣ" ಅಂದಳು. ಈ ಊರಿಗೆ ಬಂದು ಎರಡು ವರ್ಷ ಆಗಿತ್ತು ಅವ್ವ. ನನಗೆ ಬಾ ಅಂದ ಮೊದಲ ಹೊರಗಿನ ದನಿ ಅದು.

ಆಮೇಲೆ ಗುರುವಾರ ಕ್ಲಾಸು ಮುಗಿದ ಮೇಲೆ ಐದಾರು ಜನ ಕೂತು ಮಾತಾಡುವುದು ರೂಢಿಯಾಯಿತು. ಒಬ್ಬಳು ನರ್ಸು. ಒಬ್ಬಳು ಟ್ರಾಮ್ ಓಡಿಸುತ್ತಾಳೆ. ಒಬ್ಬ ಹುಡುಗನೂ ಇದ್ದಾನೆ, ಅಡುಗೆಯವನು. ಒಂದು ಸಲ ನಾನು ಶೇಂಗಾ ಉಂಡಿ ಮಾಡಿಕೊಂಡು ಹೋಗಿದ್ದೆ. ಇಲ್ಲಿ ಶೇಂಗಾ ಆಗದವರು ಇರುತ್ತಾರೆ, ಮೊದಲು ಕೇಳಿಯೇ ಡಬ್ಬಿ ತೆಗೆಯಬೇಕು. ಕೇಳಿದೆ. ಯಾರಿಗೂ ತೊಂದರೆ ಇರಲಿಲ್ಲ. ಡಬ್ಬಿ ಐದು ನಿಮಿಷದಲ್ಲಿ ಖಾಲಿ. ಆ ನರ್ಸು ಈಗಲೂ "ನಿಮ್ಮ ಅಮ್ಮನ ಉಂಡಿ" ಅಂತಲೇ ಕೇಳುತ್ತಾಳೆ.

ತಲೆಕೆಳಗಾಗಲು ನನಗೆ ಏಳು ತಿಂಗಳು ಬೇಕಾಯಿತು. ಕಂಬವನ್ನು ಪಕ್ಕೆಗೆ ಒತ್ತಿ ನಿಲ್ಲಬೇಕು. ಎರಡೂ ಕೈಯಿಂದ ಎದೆಯ ಮಟ್ಟದಲ್ಲಿ ಹಿಡಿದು ಹೆಗಲನ್ನು ಕೆಳಗೆಳೆಯಬೇಕು. ಜಿಗಿಯಬಾರದು. ಹೊಟ್ಟೆಯ ಬಲದಿಂದಲೇ ಮೊಣಕಾಲು ಎದೆಗೆ ತಂದು, ಸೊಂಟ ಎತ್ತಿ, ಕಾಲು ಅಗಲಿಸಬೇಕು. ವಾರ ವಾರ ಸೊಂಟ ಅರ್ಧಕ್ಕೆ ಏರಿ ವಾಪಸ್ಸು ಬರುತ್ತಿತ್ತು. ಒಂದು ಗುರುವಾರ ಏರಿಬಿಟ್ಟಿತು. ಹೊರಗಿನ ಕಾಲನ್ನು ಕಂಬಕ್ಕೆ ಕೊಕ್ಕೆ ಹಾಕಿದೆ. ಟೀಚರ್ "ಈಗ ಒಂದು ಕೈ ಬಿಡು" ಅಂದರು. ಬಿಟ್ಟೆ. "ಇನ್ನೊಂದು" ಅಂದರು. ಮೊಣಕಾಲಿನ ಮಡಿಕೆ ಉರಿಯುತ್ತಿತ್ತು. ಬಿಟ್ಟೆ. ಕೂದಲು ನೆಲದ ಕಡೆ ತೂಗುತ್ತಿತ್ತು. ಇಡೀ ಕೋಣೆ ತಲೆಕೆಳಗಾಗಿ ಚಪ್ಪಾಳೆ ತಟ್ಟುತ್ತಿತ್ತು. ನಿನ್ನ ಮುಖ ನೆನಪಾಯಿತು ಅವ್ವ. ಅಂದೇ ನಿನಗೆ ಹೇಳಬೇಕಿತ್ತು.

ತಂಗಿ, ಇನ್ನು ನಿನಗೆ. ಅವ್ವ ಇದರ ಫೋಟೋ ತೆಗೆದು ನಿನಗೆ ಕಳಿಸುತ್ತಾಳೆ. ಬೆಂಗಳೂರಿನಲ್ಲಿ ಸೇರಬೇಕು ಅಂದೆಯಲ್ಲ, ಸೇರು. ಆದರೆ ಮೊದಲು ಒಂದು ಕ್ಲಾಸು ಸುಮ್ನೆ ಕೂತು ನೋಡು. ಮೈ ಬಿಸಿ ಮಾಡಿಸದೆ ಮೊದಲ ದಿನವೇ ತಲೆಕೆಳಗು ಮಾಡಿಸುವ ಜಾಗವಾದರೆ ಹಿಂತಿರುಗಿ ಬಾ. ಟೀಚರ್ ಪಕ್ಕದಲ್ಲಿ ನಿಂತು ಹಿಡಿಯುತ್ತಾರಾ, ದಪ್ಪ ಹಾಸು ಇದೆಯಾ, ನೋಡು.

ಕ್ಲಾಸಿನ ದಿನ ಎಣ್ಣೆ ಬೇಡ, ಕ್ರೀಮ್ ಬೇಡ. ಹಿಂದಿನ ದಿನವೂ ಬಿಟ್ಟರೆ ಒಳ್ಳೆಯದು. ಎಣ್ಣೆ ಸ್ನಾನ ಭಾನುವಾರಕ್ಕೆ ಇಟ್ಟುಕೋ. ಉಂಗುರ, ಬಳೆ, ವಾಚು ತೆಗೆದಿಡು. ನಾನು ತಾಳಿಯನ್ನೂ ಕಾಲುಂಗುರವನ್ನೂ ಒಂದು ಚಿಕ್ಕ ಬಟ್ಟೆ ಚೀಲದಲ್ಲಿ ಹಾಕಿಡುತ್ತೇನೆ. ಹತ್ತುವಾಗ ಪಾದದ ಮೇಲ್ಭಾಗವನ್ನು ಕಂಬಕ್ಕೆ ಸಿಕ್ಕಿಸುತ್ತೇವೆ. ಕಾಲುಂಗುರ ಇದ್ದರೆ ಬೆರಳೂ ಕುಯ್ಯುತ್ತದೆ, ಕಂಬದ ಮೇಲೆ ಗೀರೂ ಬೀಳುತ್ತದೆ. ಅವ್ವ, ಇದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕ್ಲಾಸು ಮುಗಿದ ಕೂಡಲೇ ಹಾಕಿಕೊಳ್ಳುತ್ತೇನೆ.

ಕೈ ಬೆವರಿದರೆ ಲಿಕ್ವಿಡ್ ಚಾಕ್ ಹಚ್ಚು, ಅದು ಒಣಗಿ ಕೈಮೇಲೆ ಪುಡಿಯಾಗಿ ನಿಲ್ಲುವ ದ್ರವ. ಆದರೆ ನಿನ್ನ ಚರ್ಮ ಒಣಕಲಾಗಿದ್ದರೆ ಚಾಕ್‌ನಿಂದ ಇನ್ನೂ ಜಾರುತ್ತದೆ. ಅಂಥವರಿಗೆ ಅಂಟು ಬರುವಂಥದ್ದು ಬೇರೆ ಸಿಗುತ್ತದೆ. ಯಾವುದು ನಿನಗೆ ಅನ್ನುವುದು ಒಂದೆರಡು ಕ್ಲಾಸಿನಲ್ಲೇ ಗೊತ್ತಾಗುತ್ತದೆ. ಕಂಬದ ದಪ್ಪ ಸಾಮಾನ್ಯವಾಗಿ 45 ಮಿಲಿಮೀಟರ್. ನಿನ್ನದು ನನ್ನ ಹಾಗೆ ಸಣ್ಣ ಕೈ. 50ರ ಕಂಬ ಕೊಟ್ಟರೆ ಬೆರಳು ಸುತ್ತುವುದಿಲ್ಲ, 45ರದ್ದು ಕೇಳು. ಇನ್ನೊಂದು ಮಾತು. ಕೆಲವು ಕಂಬ ಅಲುಗಾಡದೆ ನಿಲ್ಲುತ್ತವೆ, ಕೆಲವು ತಾವೇ ಗಿರಗಿರ ತಿರುಗುತ್ತವೆ. ಒಂದೇ ಕಂಬವನ್ನು ಎರಡೂ ಥರ ಮಾಡಬಹುದು. ಹಿಡಿಯುವ ಮೊದಲು ಕೈಯಿಂದ ಒಮ್ಮೆ ತಿರುಗಿಸಿ ನೋಡು.

ಬಲಗಡೆ ಮಾಡಿದ್ದನ್ನೆಲ್ಲ ಎಡಗಡೆಯೂ ಮಾಡು. ಬೇಜಾರಾಗುತ್ತದೆ, ಆದರೂ ಮಾಡು. ಇಲ್ಲದಿದ್ದರೆ ಒಂದು ಹೆಗಲಿಗೆ ಮಾತ್ರ ಬಲ ಬಂದು ಇನ್ನೊಂದು ಸೋತುಹೋಗುತ್ತದೆ. ಕಂಬವನ್ನು ಜಾಸ್ತಿ ಬಿಗಿಯಾಗಿ ಹಿಡಿದು ಹಿಡಿದು ನನಗೆ ಮೊಣಕೈ ಒಳಗಡೆ ನೋವು ಬಂದಿತ್ತು. ಮೂರು ವಾರ ಬಿಡಬೇಕಾಯಿತು. ವಾರಕ್ಕೆ ಎರಡೇ ಸಲ ಹೋಗು, ನಡುವೆ ಮೈಗೆ ಬಿಡುವು ಕೊಡು. ನೀಲಿಗಟ್ಟಿದ ಜಾಗಕ್ಕೆ ಮೊದಲ ದಿನ ತಣ್ಣೀರು ಬಟ್ಟೆ ಒತ್ತು. ಏನೂ ತಾಗದೆ ಸುಮ್ಮಸುಮ್ಮನೆ ನೀಲಿಗಟ್ಟಿದರೆ ಮಾತ್ರ ಡಾಕ್ಟರಿಗೆ ತೋರಿಸು.

ಮನೆಯಲ್ಲಿ ಕಂಬ ಹಾಕಿಸುವ ಆಸೆ ಈಗಲೇ ಬೇಡ. ಆ ಕಂಬ ನೆಲಕ್ಕೂ ಮೇಲಿನ ಸ್ಲ್ಯಾಬಿಗೂ ನಡುವೆ ಒತ್ತಿ ನಿಲ್ಲುತ್ತದೆ. ನಿನ್ನ ಬಾಡಿಗೆ ಮನೆ ಹಾಲ್‌ನಲ್ಲಿ ಇರುವುದು ಪಿಒಪಿ ಫಾಲ್ಸ್ ಸೀಲಿಂಗ್, ಅದು ಈ ಭಾರ ತಡೆಯುವುದಿಲ್ಲ. ಒಬ್ಬಳೇ ಇದ್ದಾಗ ಹೊಸ ಪಟ್ಟು ಕಲಿಯಲೂಬಾರದು. ನಾನು ಜಾರಿದ ದಿನ ಪಕ್ಕದಲ್ಲಿ ಯಾರೂ ಇರದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ.

ಅವ್ವ, ಮುಂದಿನ ತಿಂಗಳು ನಮ್ಮ ಕ್ಲಾಸಿನವರು ಮನೆಯವರನ್ನೆಲ್ಲ ಕರೆದು ಆಡಿ ತೋರಿಸುವುದಿದೆ. ನನ್ನದೂ ಎರಡೂವರೆ ನಿಮಿಷ ಇದೆ. ನಿನ್ನ ಅಳಿಯ ಮೊದಲ ಸಾಲಿನಲ್ಲಿ ಕೂರುತ್ತೇನೆ ಅಂದಿದ್ದಾರೆ. ಪ್ರತಿ ಗುರುವಾರ ನಾನು ಬರುವ ಹೊತ್ತಿಗೆ ಅನ್ನ ಸಾರು ಮಾಡಿಟ್ಟಿರುತ್ತಾರೆ. ಕಲೆಯಾದ ಜಾಗಕ್ಕೆ ಐಸ್ ತಂದು ಕೊಡುವವರೂ ಅವರೇ. ವಿಡಿಯೋ ಕಳಿಸಲಾ? ಬೇಡ ಅಂದರೆ ಕಳಿಸುವುದಿಲ್ಲ. ಬೇಕು ಅಂದರೆ ಅಪ್ಪನಿಗೆ ಮೊದಲು ನೀನೇ ಹೇಳು. ಮಲ್ಲಕಂಬದ ಮಾತಿನಿಂದ ಶುರುಮಾಡು.

ನಿನಗೆ ಅವರ ಮೇಲೆ ಬಂದ ಅನುಮಾನವನ್ನು ನಾನು ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಭಾನುವಾರ ನಿಮ್ಮ ಮಧ್ಯಾಹ್ನ ಹನ್ನೆರಡೂವರೆಗೆ ಫೋನ್ ಮಾಡುತ್ತೇನೆ, ಇಲ್ಲಿ ಆಗ ಸಂಜೆ ಐದು. ಈ ಸಲ ನನ್ನ ಜೊತೆ ಮಾತಾಡಿ ಇಟ್ಟುಬಿಡಬೇಡ. ಫೋನ್ ಅವರಿಗೆ ಕೊಡು ಅನ್ನು. ಊಟ ಆಯ್ತಾ ಅಂತ ಕೇಳು, ಸಾಕು.

ನಿನ್ನ ಮಗಳು