ಈ ಸೀಸನ್‌ನಿಂದ ಆಟಗಾರರ ವಿವರ ಎಲ್ಲರಿಗೂ ಕಾಣುವುದಿಲ್ಲ, ಯಾಕೆ ಅಂದರೆ

ಪಂದ್ಯಾವಳಿ ಕಮಿಟಿಯವರಿಗೆ, ತಂಡದ ಮ್ಯಾನೇಜರ್‌ಗಳಿಗೆ, ರಾತ್ರಿ ಎರಡು ಗಂಟೆಯವರೆಗೂ ಮೊಬೈಲಿನಲ್ಲಿ ನಮ್ಮ ಸ್ಕೋರ್ ನೋಡುವ ಎಲ್ಲರಿಗೂ ನಮಸ್ಕಾರ.

ಕಬಡ್ಡಿ ಪಂದ್ಯಾವಳಿಗಳ ಸ್ಕೋರನ್ನು ಅಲ್ಲಿಂದಲೇ ನಿಮ್ಮ ಮೊಬೈಲಿಗೆ ಕಳಿಸುವ ನಮ್ಮ ಸ್ಕೋರ್ ಪೇಜ್ ಬದಲಾಗಿದೆ. ಆಟಗಾರನ ಹೆಸರು ಒತ್ತಿದರೆ ಮೊದಲು ಬರುತ್ತಿದ್ದ ವಯಸ್ಸು, ತೂಕ, ಫೋಟೋ, ಗಾಯದ ಷರಾ, ಐದು ವರ್ಷದ ರೈಡ್ ಲೆಕ್ಕ ಇನ್ನು ಬರುವುದಿಲ್ಲ. 18 ವರ್ಷದೊಳಗಿನವರಾದರೆ, ಮನೆಯವರು ಸಹಿ ಹಾಕಿದ ಫಾರ್ಮ್ ಬರುವವರೆಗೆ ಜೆರ್ಸಿ ನಂಬರ್ ಮಾತ್ರ. ಒಂದು ದಿನದ ಪಂದ್ಯಾವಳಿಗೆ 4,500 ರೂಪಾಯಿ ಇದ್ದ ನಮ್ಮ ದರ 5,200 ಆಗಿದೆ.

ಇದಕ್ಕೆ ಕಾರಣ ನಮ್ಮದೇ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇವೆ.

ಕಳೆದ ಫೆಬ್ರವರಿಯಲ್ಲಿ ಕುಮಟಾ ಕಡೆ ಹೊನಲು ಬೆಳಕಿನ ಕಬಡ್ಡಿ ಇತ್ತು. ಕ್ವಾರ್ಟರ್ ಫೈನಲ್‌ನಲ್ಲಿ 16 ವರ್ಷದ ರೈಡರ್ ಒಬ್ಬ ಕುಂಟುತ್ತಾ ಅಂಕಣದಿಂದ ಹೊರಗೆ ಬಂದ. ಸ್ಕೋರ್ ಬರೆಯುವ ನಮ್ಮ ಹುಡುಗ ರೂಢಿಯಂತೆ ಷರಾ ಕಾಲಂನಲ್ಲಿ ಬರೆದ: 'ಬಲ ಮೊಣಕಾಲು ನೋವು, ನೀ ಕ್ಯಾಪ್ ಒಳಗೆ ಟೇಪ್.' ಎಂಟರ್ ಒತ್ತಿದ್ದೇ ತಡ, ಅದು ಎಲ್ಲರ ಮೊಬೈಲಿಗೂ ಹೋಯಿತು. ಸೆಮಿಫೈನಲ್‌ನಲ್ಲಿ ಎದುರು ತಂಡದವರು ಮೂರು ಸಲ ಅದೇ ಕಾಲಿಗೇ ಕೈ ಹಾಕಿ ಹಿಡಿದರು. ಅವರನ್ನು ದೂರುವುದಿಲ್ಲ. ಸೋತ ಕಾಲು ಯಾವುದು ಅಂತ ಗೊತ್ತಾದರೆ ಯಾವ ಡಿಫೆಂಡರ್ ಬಿಡುತ್ತಾನೆ? ಗೊತ್ತು ಮಾಡಿದವರು ನಾವು. ಹುಡುಗ ಎರಡು ತಿಂಗಳು ಆಡಲಿಲ್ಲ.

ಅವನ ತಂದೆ ದೋಣಿಯಲ್ಲಿ ಮೀನಿಗೆ ಹೋಗುವವರು. ಬಸ್ಸಿನಲ್ಲಿ ಘಟ್ಟ ಹತ್ತಿ ಶಿರಸಿಗೆ, ನಮ್ಮ ಅಂಗಡಿಗೆ ಬಂದರು. ಜಗಳ ಮಾಡಲಿಲ್ಲ. ಆ ಪೇಜ್ ತೆರೆದ ಮೊಬೈಲನ್ನು ಟೇಬಲ್ ಮೇಲಿಟ್ಟು, "ಇದನ್ನ ಬರೀರಿ ಅಂತ ನನ್ನ ಮಗ ಹೇಳಿದ್ನಾ?" ಅಂತ ಕೇಳಿದರು. ಅವನು ಹೇಳಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ. ಅವತ್ತು ಅವರ ಹತ್ತಿರ ಕ್ಷಮೆ ಕೇಳಿದೆವು. ಇಲ್ಲಿ ನಿಮ್ಮೆಲ್ಲರ ಎದುರು ಮತ್ತೆ ಕೇಳುತ್ತಿದ್ದೇವೆ.

ಬದಲಾವಣೆ ಮಾಡಿದ ಮೇಲೆ ದಿನಾ ಕೇಳುವ ಮಾತು ಒಂದೇ. "ಸ್ಕೋರ್ ಏನು ನಿಮ್ಮ ಮನೆ ಆಸ್ತಿಯಾ ಮಾರಾಯ್ರೇ? ದುಡ್ಡು ಮಾಡೋಕೆ ಬೀಗ ಹಾಕಿದ್ರಾ?"

ಅಲ್ಲ. ಸ್ಕೋರ್ ನಮ್ಮದಲ್ಲ ಅಂತ ನಾವೂ ಹೇಳುತ್ತೇವೆ. ಈ ಪ್ರಶ್ನೆ ದೊಡ್ಡವರ ನಡುವೆಯೇ ಕೋರ್ಟಿಗೆ ಹೋಗಿತ್ತು. ಕ್ರಿಕೆಟ್ ಸ್ಕೋರನ್ನು ಚೆಂಡು ಚೆಂಡಿಗೂ ಎಸ್ಸೆಮ್ಮೆಸ್‌ನಲ್ಲಿ ಕಳಿಸುತ್ತಿದ್ದ ಕ್ರಿಕ್‌ಬಜ್ ಮುಂತಾದವರ ವಿರುದ್ಧ ಸ್ಟಾರ್ ಇಂಡಿಯಾದವರು ಕೇಸು ಹಾಕಿದ್ದರು. ಲೈಸೆನ್ಸ್ ಇಲ್ಲದವರು 15 ನಿಮಿಷ ತಡೆದು ಕಳಿಸಬೇಕು ಅಂತ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. 2013ರ ಆಗಸ್ಟ್‌ನಲ್ಲಿ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ಪಂದ್ಯದಲ್ಲಿ ಏನಾಯಿತು ಅನ್ನುವ ಸುದ್ದಿಯ ಮೇಲೆ ಯಾರಿಗೂ ಆಸ್ತಿ ಹಕ್ಕಿಲ್ಲ ಅಂದಿತು. ಆಮೇಲೆ ಅದು ಸುಪ್ರೀಂ ಕೋರ್ಟಿಗೂ ಹೋಯಿತು. ಅಮೆರಿಕದಲ್ಲೂ 1997ರಲ್ಲಿ ಬಾಸ್ಕೆಟ್‌ಬಾಲ್ ಸ್ಕೋರ್ ಬಗ್ಗೆ ಇಂಥದ್ದೇ ತೀರ್ಪು ಬಂದಿತ್ತು. ಹಾಗಾಗಿ ಯಾರು ಎಷ್ಟು ಪಾಯಿಂಟ್, ಯಾವ ರೈಡ್ ಬೋನಸ್, ಎಲ್ಲಿ ಲೋನಾ (ಇಡೀ ತಂಡ ಔಟ್) ಆಯಿತು, ಇದೆಲ್ಲ ಮೊದಲಿನಂತೆ ಪುಕ್ಕಟೆ. ಬರೆದುಕೊಳ್ಳಿ, ವಾಟ್ಸಾಪ್‌ನಲ್ಲಿ ಹಾಕಿ, ಪತ್ರಿಕೆಗೆ ಕೊಡಿ. ವಿಡಿಯೋ ಮಾತ್ರ ಬೇರೆ ವಿಷಯ. ಅದರ ಹಕ್ಕು ಅದನ್ನು ಮಾಡಿದವರದ್ದು.

ಆದರೆ ಮೊಣಕಾಲಿನ ಟೇಪ್ ಸ್ಕೋರ್ ಅಲ್ಲ ಅಲ್ವಾ? ಅಂಗಳದಲ್ಲಿ ಎಲ್ಲರೂ ಕಣ್ಣಾರೆ ಕಂಡದ್ದು ಒಂದು. ವಯಸ್ಸು ನೋಡಲಿಕ್ಕೆ ಅಂತ ಇಸಕೊಂಡ ಆಧಾರ್ ಜೆರಾಕ್ಸ್, ತೂಕದ ಚೀಟಿ, ಮನೆ ಫೋನ್ ನಂಬರ್ ಇನ್ನೊಂದು. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದ್ದೇ ನಮ್ಮ ತಪ್ಪು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರಲ್ಲ, ಅದು ನಮ್ಮ ರಾಜ್ಯದವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆ ಬಂತು. 18 ದಾಟದವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಅಂತ ಅದರಲ್ಲಿದೆ. ತನ್ನ ಬಗ್ಗೆ ಏನು ಇಟ್ಟಿದ್ದಾರೆ ಅಂತ ಕೇಳುವ, ತಿದ್ದಿಸುವ, ಅಳಿಸಿ ಅನ್ನುವ ಹಕ್ಕೂ ಇದೆ. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಜವಾಬ್ದಾರಿಗಳಿಗೆ 18 ತಿಂಗಳ ಅವಕಾಶ ಕೊಟ್ಟಿದ್ದಾರೆ. "ಹಾಗಾದ್ರೆ ಈಗಲೇ ಯಾಕೆ ಗಡಿಬಿಡಿ?" ಅಂತ ಒಬ್ಬರು ಕೇಳಿದರು. ಆ ಹುಡುಗನ ಮೊಣಕಾಲು 18 ತಿಂಗಳು ಕಾಯಲಿಲ್ಲ.

ನಮಗೆ ಪರಿಚಯದ ವಕೀಲರೊಬ್ಬರು ಕೃತಿಸ್ವಾಮ್ಯ ಕಾಯ್ದೆ ತೆರೆದು ತೋರಿಸಿದರು. ತಮ್ಮ ಪ್ರದರ್ಶನದ ಮೇಲೆ ಹಕ್ಕಿರುವವರ ಪಟ್ಟಿಯಲ್ಲಿ ನಟ, ಗಾಯಕ, ನರ್ತಕ ಇದ್ದಾರೆ, ಹಾವಾಡಿಗನೂ ಇದ್ದಾನೆ. ಆಟಗಾರ ಅಂತ ಹೆಸರು ಹಿಡಿದು ಹೇಳಿಲ್ಲ. ಓದಿ ಬೇಸರವಾಯಿತು. ಊರೂರಿಗೆ ಹೋಗಿ ಮೈ ತರಚಿಕೊಂಡು ಆಡುವ ಹುಡುಗರ ಲೆಕ್ಕ ನಮ್ಮ ಕೈಯಲ್ಲಿದೆ. ನಾವೇ ಕಾಯದಿದ್ದರೆ ಹೇಗೆ?

"ಡೇಟಾ ಮಾರ್ತೀರಿ" ಅಂತ ಕೆಲವರು ಅಂದದ್ದಂತೂ ತುಂಬಾ ನೋಯಿಸಿತು. ಹಿಂದೊಮ್ಮೆ ಯಾರೋ ಫೋನ್ ಮಾಡಿ, ಆಟಗಾರರ ಪೂರ್ತಿ ಲೆಕ್ಕ ಕೊಡಿ, ಪ್ರತಿ ಪಂದ್ಯಕ್ಕೆ ಹಣ ಕೊಡ್ತೇವೆ ಅಂದಿದ್ದರು. ಹಣ ಕಟ್ಟಿ ಆಡುವ ಆ್ಯಪ್‌ಗೆ ಅದು ಬೇಕಿತ್ತು. ಅಂಥ ಆಟಗಳನ್ನು ನಿಷೇಧಿಸುವ ಕಾನೂನು ಸಂಸತ್ತಿನಲ್ಲಿ ಪಾಸಾದದ್ದು 2025ರ ಆಗಸ್ಟ್‌ನಲ್ಲಿ. ನಾವು 'ಇಲ್ಲ' ಅಂದದ್ದು ಅದಕ್ಕೂ ಮೊದಲೇ. ಆ ವರ್ಷ ಲ್ಯಾಪ್‌ಟಾಪ್ ಕಂತು ಕಟ್ಟಲು ಕಷ್ಟಪಡುತ್ತಿದ್ದೆವು, ಆದರೂ ಕೊಡಲಿಲ್ಲ.

ಇನ್ನು ಆ 700 ರೂಪಾಯಿ. ಫಾರ್ಮ್ ಹಂಚಿ, ಸಹಿ ನೋಡಿ, ತಂದೆಯದೋ ತಾಯಿಯದೋ ಅಂತ ಫೋನ್ ಮಾಡಿ ಖಾತ್ರಿ ಮಾಡಲು ಒಬ್ಬ ಹುಡುಗಿಯನ್ನು ಕೆಲಸಕ್ಕೆ ತೆಗೆದುಕೊಂಡಿದ್ದೇವೆ. ಹೆಚ್ಚಿನ ಪಾಲು ಅವಳ ಸಂಬಳಕ್ಕೆ. ಉಳಿದದ್ದು ಹಳೆ ವಿವರಗಳನ್ನು ಬೇರೆ ಮಾಡಿ ಪಾಸ್‌ವರ್ಡ್ ಹಾಕಿಡುವ ಖರ್ಚಿಗೆ. ಘಟ್ಟ ಇಳಿದು ಹತ್ತುವ ಡೀಸೆಲ್, ಸಿಗ್ನಲ್ ಸಿಗದ ಊರಿಗೆ ಎರಡೆರಡು ಕಂಪನಿಯ ಸಿಮ್, ಕರೆಂಟ್ ಹೋದರೆ ಬ್ಯಾಟರಿ, ಇವು ಯಾವುದನ್ನೂ ದರಕ್ಕೆ ಸೇರಿಸಿಲ್ಲ. ನೆಟ್ ಹೋಗಿ ಸ್ಕೋರ್ ನಿಂತರೆ ಮೈಕಿನಲ್ಲಿ ಬೈಸಿಕೊಳ್ಳುವವರು ನಾವೇ. ಅದನ್ನೂ ಸಹಿಸಿದ್ದೇವೆ. ಶಾಲಾ ಪಂದ್ಯಗಳಿಗೆ ಹಳೆ ದರವೇ ಇರುತ್ತದೆ. ಈಗಾಗಲೇ ಮುಂಗಡ ಕೊಟ್ಟವರೂ ಜಾಸ್ತಿ ಕೊಡಬೇಕಿಲ್ಲ.

ಆಧಾರ್ ಜೆರಾಕ್ಸ್‌ಗಳನ್ನು ಹರಿದು ಸುಟ್ಟಿದ್ದೇವೆ. ಇನ್ನು ಮೇಲೆ ವಯಸ್ಸಿನ ದಾಖಲೆಯನ್ನು ಕಮಿಟಿಯವರ ಎದುರೇ ನೋಡಿ ವಾಪಸ್ ಕೊಡುತ್ತೇವೆ. ರೈಡ್ ಲೆಕ್ಕ ಅಳಿಸಿಲ್ಲ, ಗಾಬರಿ ಬೇಡ. ಆಟಗಾರ ಬಂದು ಕೇಳಿದರೆ ಅವನ ಲೆಕ್ಕ ಅವನಿಗೆ ಪ್ರಿಂಟ್ ತೆಗೆದು ಕೊಡುತ್ತೇವೆ. ಬೇಡ ಅಂದರೆ ಅವನ ಎದುರೇ ಅಳಿಸುತ್ತೇವೆ. ತಂಡದ ಮ್ಯಾನೇಜರ್ ಕೇಳಿದರೂ ಆಟಗಾರನ ಒಪ್ಪಿಗೆ ಬೇಕು. ಇದು ಕೆಲವರಿಗೆ ಸಿಟ್ಟು ತರಿಸುತ್ತದೆ ಅಂತ ಗೊತ್ತು.

ಫಾರ್ಮ್ ಅಂಗಡಿಯಲ್ಲಿ ಸಿಗುತ್ತದೆ, ಭಾನುವಾರವೂ ಬಾಗಿಲು ತೆರೆದಿರುತ್ತದೆ. ಘಟ್ಟದ ಕೆಳಗಿನವರು ಸುಮ್ನೆ ಶಿರಸಿವರೆಗೆ ಬರಬೇಡಿ, ಪಂದ್ಯದ ದಿನ ಸ್ಕೋರ್ ಟೇಬಲ್‌ನಲ್ಲೇ ತುಂಬಿ ಕೊಡಿ. ಮೊದಲ ಫಾರ್ಮ್ ಆಗಲೇ ಬಂದಿದೆ. ಆ ಕುಮಟಾ ಹುಡುಗನದ್ದು. ಹೆಸರು ಹಾಕಬಹುದು, ಫೋಟೋ ಬೇಡ ಅಂತ ಅವನ ತಂದೆ ಸಹಿ ಹಾಕಿ ಕಳಿಸಿದ್ದಾರೆ.

ನಿಮ್ಮವರೇ ಆದ,
ಶಿರಸಿಯ ಸ್ಕೋರ್ ಟೇಬಲ್‌ನವರು